ಸೆಟ್ ಅನ್ನಬಾರದ ದಿನ

ಹಲ್ಲಿನ ಸೆಟ್ ಮಾಡಿಕೊಡುವ ಹಲ್ಲಪ್ಪನ ಬಾಯಲ್ಲಿ 'ಸೆಟ್' ಅನ್ನೋ ಪದವೊಂದಿದ್ದರೆ ಸಾಕು, ಸಂಸಾರವೇ ಸಾಗುತ್ತಿತ್ತು. ಅಚ್ಚು ಗಟ್ಟಿಯಾದರೆ ಸೆಟ್ಟಾಯ್ತು. ಊಟ ಹಿಡಿಸದಿದ್ದರೆ ಹೊಟ್ಟೆಗೆ ಸೆಟ್ಟಾಗಲಿಲ್ಲ. ಅಲಾರಂ ಇಟ್ಟರೂ ಸೆಟ್ಟು, ಆರು ಲೋಟ ಕೊಂಡರೂ ಸೆಟ್ಟು. ಪಕ್ಕದ ಮನೆ ಗಂಡ ಹೆಂಡತಿ ಕಿತ್ತಾಡಿದರೆ, "ಅವರಿಬ್ರಿಗೂ ಸೆಟ್ಟಾಗಲ್ಲ ಬಿಡು." ಕೇಳೀ ಕೇಳೀ ಹೆಂಡತಿಗೆ ತಲೆ ಚಿಟ್ಟು ಹಿಡಿದಿತ್ತು.

"ನಾಳೆ ಕತ್ತಲಾಗೋದ್ರೊಳಗೆ ಆ ಪದ ಬಾಯಿಗೆ ಬಂದ್ರೆ ಮೀಸೆ ತೆಗೀಬೇಕು, ಆಗುತ್ತಾ?" ಎಂದಳು.

ಮದುವೆಗೆ ಮುಂಚಿನಿಂದ ಎಣ್ಣೆ ಹಚ್ಚಿ ಸಾಕಿದ ಮೀಸೆ! ಹಲ್ಲಪ್ಪ ಅದನ್ನೊಮ್ಮೆ ತಿರುವಿ, "ಆಗ್ಲಿ ಕಣೇ" ಎಂದ.

ಮರುದಿನ ಅಂಗಡಿಗೆ ಬಂದ ಅಜ್ಜಿ, "ನನ್ನ ಸೆಟ್ ಆಯ್ತಾಪ್ಪಾ?" ಎಂದಳು. ಹಲ್ಲಪ್ಪ ಆ ಪದ ನುಂಗಿಕೊಂಡು, "ತಮ್ಮ ಎರಡೂ ದವಡೆಗಳು ಸಿದ್ಧವಾಗಿವೆ ತಾಯೀ" ಎಂದ. ಅಜ್ಜಿ ಹೆದರಿ ಬಾಗಿಲಿಗೆ ಸರಿದಳು. ಸಂಜೆ, ಇನ್ನೇನು ಕತ್ತಲಾದರೆ ಗೆದ್ದೆ ಎಂಬ ಖುಷಿಯಲ್ಲಿ ಅವನು ಕುಣಿಯುತ್ತಲೇ ಮನೆಗೆ ಬಂದ.

ಮನೆಯಲ್ಲಿ ಕೆಲಸದ ಊರಿಂದ ಬಂದಿದ್ದ ಮಗಳ ಪಕ್ಕ ಒಬ್ಬ ಹುಡುಗ ಕೂತಿದ್ದ, ಬಸ್ ಡ್ರೈವರು. "ಇವರನ್ನ ಮದುವೆ ಆಗ್ಬೇಕು ಅಂತಿದೀನಪ್ಪಾ. ನೀನು ಒಪ್ಪಿದ್ರೆ ಮಾತ್ರ" ಎಂದಳು ಮಗಳು.

ಕಸುಬಿನ ಚಾಳಿ, ಹಲ್ಲಪ್ಪನ ಕಣ್ಣು ಸೀದಾ ಹುಡುಗನ ಹಲ್ಲಿಗೇ ಹೋಯಿತು. ಆಹಾ! ಮನಸ್ಸು ತುಂಬಿತು, ಆದರೆ ಅದಕ್ಕಿದ್ದ ಒಂದೇ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ಹಾಗೇ ನೋಡುತ್ತಿದ್ದುದನ್ನು ಕಂಡು ಹುಡುಗ ಬಾಯಿ ಮುಚ್ಚಿಕೊಂಡ.

"ಹೇಗಪ್ಪಾ?"

"ಪರವಾಗಿಲ್ಲ..."

ಮಗಳ ಮುಖ ಬಾಡಿತು. ಹಲ್ಲಪ್ಪ ಗಾಬರಿಯಲ್ಲಿ ತಡಕಾಡಿದ. ಸಿಕ್ಕಿದ್ದು ಅಂಗಡಿಯ ಮಾತೇ. "ಅಲ್ಲಲ್ಲಿ ಸ್ವಲ್ಪ ಉಜ್ಜಿದ್ರೆ ಹೊಂದ್ಕೋತಾನೆ!"

ಹುಡುಗ ಎದ್ದು ನಿಂತ. ಬಾಗಿಲಲ್ಲಿ ಕಾದಿದ್ದ ಹೆಂಡತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇಷ್ಟ ಆಗ್ಲಿಲ್ಲ ಅಂತ ನೇರವಾಗೇ ಹೇಳಪ್ಪಾ" ಎಂದು ಮಗಳು ಕಣ್ತುಂಬ ನೀರು ತಂದುಕೊಂಡು ಹೊರಡಲು ಬ್ಯಾಗು ಎತ್ತಿಕೊಂಡಳು.

ಹಲ್ಲಪ್ಪ ಓಡಿ ಮಗಳ ಬ್ಯಾಗು ಹಿಡಿದುಕೊಂಡ. ಹಾಳಾಗಿ ಹೋಗಲಿ ಮೀಸೆ!

"ಸೆಟ್ಟು ಕಣೇ! ಫುಲ್ ಸೆಟ್ಟು! ಹೇಳಿ ಮಾಡಿಸಿದ ಸೆಟ್ಟು!"

ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಮಗಳು ಅಳುತ್ತಲೇ ನಕ್ಕು ಅಪ್ಪನ ಕೊರಳಿಗೆ ಜೋತುಬಿದ್ದಳು. ಹೆಂಡತಿ ಒಳಗೋಡಿ ಕತ್ತರಿ ತಂದಳು. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋ ಹಾಗೂ ಇಲ್ವಲ್ಲ ರೀ, ಮೀಸೇನೇ ಹೋಯ್ತು!" ಎಂದು ಬಿದ್ದು ಬಿದ್ದು ನಕ್ಕಳು.

ಹಲ್ಲಪ್ಪ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ಮುಖವೊಡ್ಡಿ ಕೂತ. "ನಗುವಿಗೆ ನಿನ್ನ ಕೈ ನಡುಗ್ತಿದೆ, ಮೂಗೇ ಹೋದೀತು. ಕತ್ತರಿ ಅಳಿಯಂದಿರಿಗೆ ಕೊಡೇ!"