ಹನ್ನೆರಡು ಹದಿನಾರರ ನೆರಳು

ಮೂವತ್ತೆಂಟು ನೆರಳುಗಳಲ್ಲಿ ಮೂವತ್ತೇಳು ಹೆಚ್ಚುಕಡಿಮೆ ಒಂದೇ ಮಾತು ಹೇಳಿದವು. ಇಪ್ಪತ್ತೊಂದನೇ ನಂಬರಿನದು ಮಾತ್ರ ತನ್ನದೇ ಒಂದು ರಾಗ ತೆಗೆದಿತ್ತು.

ಸೋಂಕಿನಿಂದಾಗಿ ಹೈಸ್ಕೂಲಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ವಿಜ್ಞಾನದ ಮೇಡಂ ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ, ಹತ್ತನೇ ತರಗತಿಗೆ ಅಲ್ಲಿಂದಲೇ ಪಾಠ ಮಾಡುತ್ತಿದ್ದರು. ಮಕ್ಕಳ ಮುಖ ಕಾಣುತ್ತಿರಲಿಲ್ಲ. ಡೇಟಾ ಉಳಿಸಲು ಎಲ್ಲರೂ ಕ್ಯಾಮೆರಾ ಆರಿಸಿಡುತ್ತಿದ್ದರು. ಬೆಳಗ್ಗೆ ಒಂಬತ್ತೂವರೆಗೆ ಒಬ್ಬೊಬ್ಬರೂ ತಮ್ಮ ನಂಬರು ಟೈಪ್ ಮಾಡಿದರೆ ಅದೇ ಹಾಜರಿ.

"ನಿನ್ನ ಮಕ್ಕಳೆಲ್ಲ ಬಾವಿಯೊಳಗಿಂದ ಮಾತಾಡ್ತಾವಲ್ಲೇ," ಎಂದು ಅತ್ತೆ ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಹೇಳುತ್ತಿದ್ದರು. "ಒಂದಾದ್ರೂ ಮೇಲೆ ಬರುತ್ತೇನೋ ನೋಡು."

ನೆರಳಿನ ಕೆಲಸ ಕೊಡಲು ಕಾರಣವಿತ್ತು. ಹಿಂದಿನ ತಿಂಗಳು ಬಂದ ನಲವತ್ತು ಪುಟಗಳ ಫೋಟೋಗಳಲ್ಲಿ ಅರ್ಧದಷ್ಟರಲ್ಲಿ ಒಂದೇ ಉತ್ತರ, ಒಂದೇ ಕಡೆ ಹೊಡೆದುಹಾಕಿದ ಒಂದೇ ಪದ. ಅದನ್ನು ಕಂಡು ಕೆಂಡವಾದ ಹೆಡ್‌ಮೇಡಂ, ಇನ್ನು ಮುಂದೆ ಎಲ್ಲರ ಮನೆಗೆಲಸವನ್ನೂ ತಾವೇ ನೋಡುವುದಾಗಿಯೂ ಕದ್ದು ಬರೆದವರಿಗೆ ಸೊನ್ನೆ ಹಾಕುವುದಾಗಿಯೂ ಸಾರಿದ್ದರು. ಮನೆಗೆಲಸದ ಅಂಕ ಸೊನ್ನೆಯಾದರೆ ವಾರ್ಷಿಕ ಪರೀಕ್ಷೆಗೆ ಕೂರುವಂತಿರಲಿಲ್ಲ.

ಕದಿಯಲಾಗದ ಕೆಲಸ ಯಾವುದಿದೆ ಎಂದು ಮೇಡಂ ತಲೆ ಕೆಡಿಸಿಕೊಂಡರು. ಕೊನೆಗೆ ಬಿಸಿಲು ನೆನಪಾಯಿತು. ಮೂವತ್ತು ಸೆಂಟಿಮೀಟರಿನ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನ ಹೊತ್ತಿಗೆ ನಾಲ್ಕು ನಿಮಿಷಕ್ಕೊಮ್ಮೆ ಅದರ ನೆರಳು ಅಳೆಯಬೇಕು. ಯಾವಾಗ ಅತಿ ಚಿಕ್ಕದಾಯಿತು, ಎಷ್ಟು ಚಿಕ್ಕದಾಯಿತು ಎಂದು ಬರೆಯಬೇಕು. "ತಪ್ಪಾದ್ರೂ ಪರವಾಗಿಲ್ಲ," ಎಂದು ಅವರು ಎರಡೆರಡು ಸಲ ಹೇಳಿದ್ದರು. "ಕಣ್ಣಿಗೆ ಕಂಡಿದ್ದನ್ನೇ ಬರೀರಿ."

ಉಳಿದೆಲ್ಲರ ನೆರಳೂ ಹನ್ನೆರಡು ಇಪ್ಪತ್ನಾಲ್ಕರ ಆಸುಪಾಸಿನಲ್ಲಿ ಹತ್ತೂಮುಕ್ಕಾಲು ಸೆಂಟಿಮೀಟರಿಗೆ ಇಳಿದಿತ್ತು. ಇಪ್ಪತ್ತೊಂದನೆಯವಳದು ಹನ್ನೆರಡು ಹದಿನಾರಕ್ಕೇ ಇಳಿದಿತ್ತು, ಅದೂ ಹದಿಮೂರೂವರೆ ಸೆಂಟಿಮೀಟರಿಗೆ.

ದಪ್ಪ ಕನ್ನಡಕದಿಂದಾಗಿ ತರಗತಿಯಲ್ಲಿ ಅವಳಿಗೆ ದುರ್ಬೀನು ಎಂಬ ಹೆಸರು ಬಿದ್ದಿತ್ತು. ಎದುರು ಕೂತಾಗ ಬಾಯಿ ಬಿಡದವಳು, ಪಾಠ ಫೋನಿಗೆ ಬಂದ ಮೇಲೆ ದಿನಕ್ಕೊಂದು ಪ್ರಶ್ನೆ ಟೈಪ್ ಮಾಡುತ್ತಿದ್ದಳು. ಅವಳ ತಾಯಿ ಜ್ವರದ ವಾರ್ಡಿನ ನರ್ಸು.

ಬುಧವಾರ ಬೆಳಗ್ಗೆ ಹೆಡ್‌ಮೇಡಂ ಫೋನು ಮಾಡಿದರು. "ಇಪ್ಪತ್ತೊಂದನೇ ನಂಬರಿನವಳು ಸುಳ್ಳು ಬರೆದಿದ್ದಾಳೆ. ನಾನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೀನಿ. ಶುಕ್ರವಾರ ಪರೀಕ್ಷೆಯ ಪಟ್ಟಿ ಹೋಗುತ್ತೆ, ಅಷ್ಟರೊಳಗೆ ಸೊನ್ನೆ ಹಾಕಿ ಕಳಿಸಿ."

"ಹಾಕ್ತೀನಿ ಮೇಡಂ. ಒಂದ್ಸಲ ನೋಡಿ ಹಾಕ್ತೀನಿ."

"ಇನ್ನೇನು ನೋಡೋದು?"

ಏನು ನೋಡುವುದೆಂದು ವಿಜ್ಞಾನದ ಮೇಡಮ್ಮಿಗೂ ಗೊತ್ತಿರಲಿಲ್ಲ. ಆದರೆ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತ್ತು. ಕದಿಯುವವಳು ಗೆಳತಿಯರ ಲೆಕ್ಕ ಕದಿಯುತ್ತಾಳೆ. ಯಾರಲ್ಲೂ ಇಲ್ಲದ ಲೆಕ್ಕವನ್ನು ಎಲ್ಲಿಂದ ಕದ್ದಾಳು? ಅವರು ಅವಳ ಹದಿನಾಲ್ಕು ಅಳತೆಗಳನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕಿಯಿಟ್ಟು ಸೇರಿಸಿದರು. ಗೆರೆ ಬಟ್ಟಲಿನಂತೆ ನುಣುಪಾಗಿ ಇಳಿದು, ಹದಿನಾರರಲ್ಲಿ ತಳ ಮುಟ್ಟಿ, ಅಷ್ಟೇ ನುಣುಪಾಗಿ ಏರಿತು. ಮೂವತ್ತೆಂಟರಲ್ಲಿ ಇಷ್ಟು ಚೊಕ್ಕವಾದ ಬಟ್ಟಲು ಇನ್ನೊಂದಿರಲಿಲ್ಲ.

ಸ್ಕೇಲು ವಾಲಿತ್ತೇ? ವಾಲಿದ್ದರೆ ಬಟ್ಟಲು ಸೊಟ್ಟಗಾಗಬೇಕಿತ್ತು. ಗಡಿಯಾರ ಹಿಂದಿತ್ತೇ? ಎಲ್ಲರೂ ನೋಡಿದ್ದು ಫೋನಿನ ಗಡಿಯಾರವನ್ನೇ, ಅದು ಎಲ್ಲೆಡೆ ಒಂದೇ. ಹಾಗಾದರೆ ಉಳಿದದ್ದು ಸೂರ್ಯ. ಅವನು ಇವಳೊಬ್ಬಳ ನೆತ್ತಿಗೆ ಎಂಟು ನಿಮಿಷ ಮೊದಲೇ ಬಂದು, ಇವಳೊಬ್ಬಳಿಗೆ ಹೆಚ್ಚು ಓರೆಯಾಗಿ ನಿಂತು ಹೋಗಿದ್ದ.

ಮೇಡಂ ಪೆನ್ಸಿಲು ಕೆಳಗಿಟ್ಟರು. ನೆರಳು ಉದ್ದವಾದಷ್ಟೂ ಊರು ಉತ್ತರಕ್ಕೆ, ನಡುಹಗಲು ಬೇಗ ಬಂದಷ್ಟೂ ಪೂರ್ವಕ್ಕೆ; ಹುಡುಗಿ ಈ ಊರಿನಲ್ಲೇ ಇಲ್ಲ. ಲೆಕ್ಕ ಅಷ್ಟು ಸುಲಭವಾಗಿ ಬಿಡಿಸಿಕೊಂಡುಬಿಟ್ಟಿತ್ತು, ಅದಕ್ಕೇ ಅವರಿಗೆ ಹೆದರಿಕೆಯಾಯಿತು.

ಗಂಡ ಹಜಾರದಲ್ಲಿ ಕೂತು, ಆಗಲೇ ಮೂರು ಸಲ ಉಜ್ಜಿದ್ದ ಬೂಟನ್ನು ನಾಲ್ಕನೇ ಸಲ ಉಜ್ಜುತ್ತಿದ್ದ. ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರು. ರಸ್ತೆಗಳು ಮುಚ್ಚಿದಂದಿನಿಂದ ಮನೆಯಲ್ಲಿ ಅವನಿಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

"ರೀ, ಇಲ್ಲಿಂದ ಉತ್ತರಕ್ಕೆ ಐನೂರು ಕಿಲೋಮೀಟರು ಹೋಗಿ, ಪೂರ್ವಕ್ಕೆ ಇನ್ನೂರು ತಿರುಗಿದ್ರೆ ಏನು ಸಿಗುತ್ತೆ?"

ಅವನು ಯೋಚಿಸಲೂ ಇಲ್ಲ. "ಹಡಗಿನ ಬಂದರು. ನಮ್ಮ ರಾತ್ರಿ ಬಸ್ಸು ಹೋಗ್ತಿತ್ತಲ್ಲ, ಅದೇ ಊರು. ಕೊನೇ ಟ್ರಿಪ್ಪಿನಲ್ಲಿ ಮೀನಿನ ಬುಟ್ಟಿಗಿಂತ ಹೆಚ್ಚು ಮಕ್ಕಳನ್ನ ತುಂಬ್ಕೊಂಡು ಹೋದೆ. ಆಸ್ಪತ್ರೆಯವರ ಮಕ್ಕಳು, ನೆಂಟರ ಮನೆಗೆ." ಬೂಟು ಕೆಳಗಿಟ್ಟ. "ಯಾಕೆ ಟೀಚರಮ್ಮ, ಓಡಿಹೋಗೋ ಯೋಚನೆನಾ?"

"ಓಡಿಹೋಗೋಳು ದಾರಿ ಕೇಳಿ ಹೋಗ್ತಾಳೇನೋ, ಪೆದ್ದೇ," ಎಂದು ಒಳಗಿನಿಂದ ಅತ್ತೆ ಮಗನಿಗೆ ಹೇಳಿದರು.

ಮೇಡಂ ನಗಲಿಲ್ಲ. ಶಾಲೆ ಮುಚ್ಚಿದ ವಾರದಲ್ಲಿ ಎಲ್ಲ ಪೋಷಕರಿಂದಲೂ ಒಂದು ಚೀಟಿಗೆ ಸಹಿ ತರಿಸಿಕೊಂಡಿದ್ದರು: ಮಗು ಊರಿನಲ್ಲೇ ಇದೆ, ಪರೀಕ್ಷೆಯ ದಿನ ಶಾಲೆಗೆ ಬರುತ್ತದೆ. ಊರು ಬಿಟ್ಟವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ದುರ್ಬೀನಿನ ಚೀಟಿಯಲ್ಲಿ ತಾಯಿಯ ಸಹಿ ಇತ್ತು. ಈಗ ತಾವು ಬಾಯಿ ಮುಚ್ಚಿಕೊಂಡರೆ ಹುಡುಗಿ ಸುಳ್ಳು ಲೆಕ್ಕದವಳಾಗಿ ಪರೀಕ್ಷೆ ಕಳೆದುಕೊಳ್ಳುತ್ತಾಳೆ. ಬಾಯಿ ಬಿಟ್ಟರೆ ಸುಳ್ಳು ವಿಳಾಸದವಳಾಗಿ ಕಳೆದುಕೊಳ್ಳುತ್ತಾಳೆ.

ಸಂಜೆ ಅವಳಿಗೆ ಫೋನು ಮಾಡುವ ಮುನ್ನ ಕೇಳಬೇಕಾದ ಮಾತನ್ನು ಹಾಳೆಯ ಮೇಲೆ ಬರೆದುಕೊಂಡರು. ಬರೆದದ್ದು ಉಪಯೋಗಕ್ಕೆ ಬರಲಿಲ್ಲ.

"ಮೇಡಂ, ನನ್ನ ನೆರಳು ತಪ್ಪಾ?" ಎಂದು ಹುಡುಗಿಯೇ ಮೊದಲು ಕೇಳಿದಳು. ಅವಳ ಹಿಂದೆ ಎಲ್ಲೋ ಹಡಗಿನ ಸೈರನ್ನು ಉದ್ದಕ್ಕೆ ಕೂಗಿತು.

"ತಪ್ಪಿಲ್ಲ ಪುಟ್ಟಾ," ಎಂದರು ಮೇಡಂ. "ಎಲ್ಲಿದೀಯ?"

"ಚಿಕ್ಕಮ್ಮನ ಮನೇಲಿ. ಅಮ್ಮ ಆಸ್ಪತ್ರೆಲೇ ಮಲಗ್ತಾರೆ, ಮನೇಲಿ ಒಬ್ಬಳೇ ಇರೋಕೆ ಆಗ್ತಿರಲಿಲ್ಲ." ಮತ್ತೆ ತಾನೇ, "ನನ್ನ ಗೆಳತಿ ಅವಳ ಲೆಕ್ಕ ಕಳಿಸಿದ್ಲು, ಮೇಡಂ. ಅದನ್ನೇ ಬರೆದಿದ್ರೆ ಗೊತ್ತೇ ಆಗ್ತಿರಲಿಲ್ಲ."

"ಮತ್ತೆ ಯಾಕೆ ಬರೀಲಿಲ್ಲ?"

"ಕಂಡಿದ್ದನ್ನೇ ಬರೀರಿ ಅಂದಿದ್ರಿ. ಆಮೇಲೆ ನಂಗೂ ತಲೆ ಕೊರೀತಿತ್ತು, ಯಾಕೆ ಬೇರೆ ಬಂತು ಅಂತ. ನೀವು ನೋಡಿ ಹೇಳ್ತೀರ ಅಂದ್ಕೊಂಡೆ."

ಮೇಡಂ ಬರೆದುಕೊಂಡಿದ್ದ ಹಾಳೆಯನ್ನು ಮಡಚಿಟ್ಟರು. "ಹೆಡ್‌ಮೇಡಂಗೆ ಹೇಳಲಾ? ನೀನು ಬೇಡ ಅಂದ್ರೆ ಬೇಡ."

"ಅಮ್ಮನ್ನ ಕೇಳ್ತೀನಿ."

ಎಂಟು ಗಂಟೆಗೆ ತಾಯಿಯಿಂದ ಎರಡು ಸಾಲಿನ ಸಂದೇಶ ಬಂತು. "ಹೇಳಿ ಮೇಡಂ. ಸಹಿ ಹಾಕಿದ್ದು ನಾನು, ತಪ್ಪು ನಂದು, ಅವಳದಲ್ಲ."

ಗುರುವಾರ ಬೆಳಗ್ಗೆ ಶಾಲೆಯ ಗೇಟಿನ ಕಿಂಡಿಯಲ್ಲಿ ಅಟೆಂಡರು, ಫೋನಿಲ್ಲದ ಮಕ್ಕಳಿಗೆ ಪಾಠದ ಹಾಳೆಗಳನ್ನು ಕೊಡುತ್ತಿದ್ದ. ಬೆಂಚುಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಹೆಡ್‌ಮೇಡಂ ಮುಖಗವುಸಿನ ಮೇಲಿಂದ ಕಣ್ಣು ಕಿರಿದು ಮಾಡಿ ವಿಜ್ಞಾನದ ಮೇಡಂ ಹೇಳಿದ್ದನ್ನು ಕೊನೆಯವರೆಗೂ ಕೇಳಿದರು. ಮೂವತ್ತು ವರ್ಷ ಗಣಿತ ಪಾಠ ಮಾಡಿದವರು. ಚೌಕುಳಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕಥೆ ಚೆನ್ನಾಗಿದೆ," ಎಂದರು. "ಇಂಟರ್ನೆಟ್ಟಿನಲ್ಲಿ ಯಾವ ಊರಿನ ನೆರಳು ಬೇಕಾದ್ರೂ ಸಿಗುತ್ತೆ ಅಂತಾರೆ. ಸುಳ್ಳು ವಿಳಾಸ ಕೊಟ್ಟ ಮನೆಯವರ ಮಾತನ್ನ ನಾನು ಹೇಗೆ ನಂಬಲಿ?"

"ನಂಬಬೇಡಿ ಮೇಡಂ," ಎಂದುಬಿಟ್ಟರು ವಿಜ್ಞಾನದವರು, ತಮ್ಮ ಧೈರ್ಯಕ್ಕೆ ತಾವೇ ಬೆಚ್ಚಿ. "ಅಳೀರಿ."

ಹನ್ನೆರಡಕ್ಕೆ ಇಬ್ಬರೂ ಆಟದ ಮೈದಾನದಲ್ಲಿದ್ದರು. ಅಟೆಂಡರು ಮೇಜೊಂದನ್ನು ಬಿಸಿಲಿಗೆ ತಂದು ಕಾಲಿನಡಿ ಕಾಗದ ಮಡಚಿಟ್ಟು ಸಮ ಮಾಡಿದ. ಹೆಡ್‌ಮೇಡಂ ಸ್ಕೇಲನ್ನು ಎರಡು ಡಸ್ಟರುಗಳ ನಡುವೆ ಸಿಕ್ಕಿಸಿ, ತೂಗುಗುಂಡು ಸಿಗದೆ ಬೀಗದ ಕೈಗೊಂಚಲಿಗೆ ತಮ್ಮ ಕನ್ನಡಕದ ದಾರ ಕಟ್ಟಿ ಇಳಿಬಿಟ್ಟು, ನೆಟ್ಟಗಿದೆಯೇ ಎಂದು ನೋಡಿದರು. ಫೋನು ಸ್ಪೀಕರಿನಲ್ಲಿತ್ತು. ಅತ್ತ ಕಡೆ ದುರ್ಬೀನು ಚಿಕ್ಕಮ್ಮನ ಮನೆಯ ತಾರಸಿಯ ಮೇಲಿದ್ದಳು.

"ನಾನು ಕೇಳಿದ ಕೂಡಲೇ ಹೇಳ್ಬೇಕು," ಎಂದರು ಹೆಡ್‌ಮೇಡಂ. "ಯೋಚನೆ ಮಾಡೋಕೆ ಪುರುಸೊತ್ತು ಕೊಡಲ್ಲ."

"ಸರಿ ಮೇಡಂ."

ಅವರು ಮನೆಗೆಲಸದಲ್ಲಿದ್ದಂತೆ ನಾಲ್ಕು ನಿಮಿಷಕ್ಕೊಮ್ಮೆ ಕೇಳಲಿಲ್ಲ. ಒಂದಕ್ಕೆ, ಮೂರಕ್ಕೆ, ಮತ್ತೆ ಒಂದಕ್ಕೆ, ಹೀಗೆ ಮನಸ್ಸಿಗೆ ಬಂದಾಗ ಕೇಳಿದರು. ಹುಡುಗಿ ತಡವರಿಸಲಿಲ್ಲ. ಒಮ್ಮೆ ಮಾತ್ರ "ತಡೀರಿ ಮೇಡಂ, ಕಾಗೆ ಬಂದು ಕೂತಿದೆ" ಎಂದಳು, ಅದನ್ನು ಓಡಿಸಿದ ಸದ್ದೂ ಕೇಳಿಸಿತು. ಹೆಡ್‌ಮೇಡಂ ತಲೆಯೆತ್ತಿ ವಿಜ್ಞಾನದವರನ್ನು ನೋಡಿದರು. ಕಾಗೆ ಯಾವ ಇಂಟರ್ನೆಟ್ಟಿನಲ್ಲೂ ಇರಲಿಕ್ಕಿಲ್ಲ.

ಹನ್ನೆರಡು ಹದಿನಾರಕ್ಕೆ ಅವಳು ಹೇಳಿದಳು: "ಹದಿಮೂರು ಪಾಯಿಂಟ್ ಮೂರು. ಇನ್ನು ಇಳಿಯಲ್ಲ ಮೇಡಂ. ನಿಮ್ಮಲ್ಲಿ ಎಷ್ಟು?"

ಹೆಡ್‌ಮೇಡಂ ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ಮೈದಾನದ ನೆರಳು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇನ್ನೂ ಒಳಗೆ ಸರಿಯುತ್ತಿತ್ತು.

"ತಾಳು," ಎಂದರು. "ನಮ್ಮ ಮಧ್ಯಾಹ್ನ ಇನ್ನೂ ಬಂದಿಲ್ಲ."

ಆ ಎಂಟು ನಿಮಿಷದೊಳಗೆ ಅಟೆಂಡರು ಕೂಡ ಕಿಂಡಿ ಬಿಟ್ಟು ಬಂದು ನಿಂತ. ಹನ್ನೆರಡು ಇಪ್ಪತ್ನಾಲ್ಕಕ್ಕೆ ನೆರಳು ಹತ್ತು ಪಾಯಿಂಟ್ ಆರರಲ್ಲಿ ನಿಂತಿತು. ಅತ್ತ ತಾರಸಿಯಲ್ಲಿ ಅದು ಆಗಲೇ ಮತ್ತೆ ಉದ್ದವಾಗತೊಡಗಿತ್ತು.

ಹೆಡ್‌ಮೇಡಂ ಸೊಂಟ ಹಿಡಿದುಕೊಂಡು ನೆಟ್ಟಗಾದರು. ಪಟ್ಟಿಯನ್ನು ಮೇಜಿನ ಮೇಲಿಟ್ಟು, ಇಪ್ಪತ್ತೊಂದರ ಎದುರಿನ ಕೆಂಪು ವೃತ್ತದೊಳಗೆ ಪೂರ್ತಿ ಅಂಕ ಬರೆದರು. ವಿಳಾಸದ ಅಂಕಣದಲ್ಲಿ ಪೆನ್ನು ನಿಂತಿತು.

"ನಿಮ್ಮಮ್ಮ ಇವತ್ತೇ ನಿಜವಾದ ವಿಳಾಸ ಬರೆದು ಕಳಿಸ್ಬೇಕು," ಎಂದು ಫೋನಿಗೆ ಹೇಳಿದರು. "ಮೊದಲೇ ಕೇಳಿದ್ರೆ ದಾರಿ ಹುಡುಕ್ತಿದ್ದೆ. ಹಿಂದೊಮ್ಮೆ ಕಾಲು ಮುರ್ಕೊಂಡ ಹುಡುಗನಿಗೆ ಬೇರೆ ಊರಲ್ಲಿ ಪರೀಕ್ಷೆ ಬರೆಸಿದ್ದೀನಿ. ನಿನಗೂ ಅಲ್ಲೇ ಒಂದು ಕೇಂದ್ರ ಕೊಡಿ ಅಂತ ಪಟ್ಟಿ ಜೊತೆ ಪತ್ರ ಇಡ್ತೀನಿ."

"ಅವರು ಒಪ್ಪದೇ ಇದ್ರೆ, ಮೇಡಂ?"

"ಒಪ್ಪದೇ ಇದ್ರೆ ಈ ಹಾಳೆ ಹಿಡ್ಕೊಂಡು ಅವರ ಮುಂದೆ ಕೂರ್ತೀನಿ. ಅವರಲ್ಲೂ ಒಬ್ಬರಾದ್ರೂ ಗಣಿತದವರು ಇರ್ತಾರೆ."

ವಿಜ್ಞಾನದ ಮೇಡಂ ಸ್ಕೇಲನ್ನು ತೆಗೆಯಲು ಕೈಚಾಚಿದರು. ಹೆಡ್‌ಮೇಡಂ ಅವರ ಕೈಯನ್ನು ಮೆಲ್ಲಗೆ ಸರಿಸಿದರು.

"ಇರಲಿ ಬಿಡಿ," ಎಂದು ಮತ್ತೆ ಬಗ್ಗಿದರು. "ಲೇ ಹುಡುಗಿ, ಇಪ್ಪತ್ತೆಂಟಕ್ಕೆ ನಿಂದು ಎಷ್ಟು?"