ಸೊಂಟದ ದಾರ

ಶೈಲಾಳ ಎಡಗೈ ಸುಮ್ಮನಿದ್ದುದನ್ನು ಬನಹಟ್ಟಿಯ ಆ ಓಣಿಯಲ್ಲಿ ಯಾರೂ ಕಂಡಿಲ್ಲ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗ, ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗಲೂ ಆ ಕೈ ಮೆಲ್ಲನೆ ಸೊಂಟಕ್ಕೆ ಸರಿದು, ಅಲ್ಲಿಲ್ಲದ ದಾರವೊಂದನ್ನು ಜಗ್ಗಿ ನೋಡಿ ಹಿಂತಿರುಗುತ್ತದೆ. ನಗುವವರು ನಗುತ್ತಾರೆ, ನಗಲಿ ಪಾಪ. ಅವರಿಗೆ ಆ ಸಂಜೆ ಗೊತ್ತಿಲ್ಲ.

ಗಿರಿಮಲ್ಲಪ್ಪನ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಅವಳು ಸೀರೆ ನೇಯುತ್ತಿದ್ದಳು. ಗಂಡ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತ ಸಾವಳಗಿಯ ಕಡೆ, ಮನೆಯಲ್ಲಿ ಹಿರಿಯರಿಲ್ಲ. ಅಂಗನವಾಡಿ ಸಂಜೆಯ ತನಕ ತೆರೆದಿದ್ದಷ್ಟು ಕಾಲ ಪುಟ್ಟ ಮಗಳು ಮಾಯವ್ವ ಅಲ್ಲೇ ಉಂಡು, ಆಡಿ, ಮಲಗಿ ಸುಖವಾಗಿದ್ದಳು. ಆಮೇಲೆ ಅದೇನೋ ಹೊಸ ಆದೇಶ ಬಂದು ಮಧ್ಯಾಹ್ನಕ್ಕೇ ಬಾಗಿಲು ಮುಚ್ಚತೊಡಗಿತು. “ನಾ ಏನ್ ಮಾಡ್ಲಿ ಯವ್ವಾ, ಮ್ಯಾಲಿನವ್ರು ಹೇಳ್ಯಾರ,” ಎಂದಳು ಅಲ್ಲಿನ ಆಯಾ ಗುರುಬಾಯಿ. ಗಿರಿಮಲ್ಲಪ್ಪನೋ, “ಪೂರಾ ದಿನ ಬರೂದಿದ್ರ ಬಾ, ಇಲ್ಲಾಂದ್ರ ಮಗ್ಗ ಬ್ಯಾರೇದವ್ರಿಗೆ ಕೊಡ್ತೇನಿ,” ಎಂದು ಮುಖಕ್ಕೆ ಹೊಡೆದಂತೆ ಅಂದುಬಿಟ್ಟ. ಆದೇಶ ಬರೆದವರ ಮನೆಯ ಕೂಸುಗಳನ್ನು ಮಧ್ಯಾಹ್ನದ ಮೇಲೆ ಯಾರು ನೋಡಿಕೊಳ್ಳುತ್ತಾರೋ, ಶಿವನೇ ಬಲ್ಲ!

ಹೀಗೆ ಕೂಸು ಶೆಡ್ಡಿಗೆ ಬಂತು, ಅದರ ಬೆನ್ನಿಗೇ ಭಯವೂ ಬಂತು. ಮಗ್ಗಗಳ ಆರ್ಭಟದಲ್ಲಿ ಮಗು ಕಿರುಚಿದರೂ ಕೇಳದು. ಪಕ್ಕದಲ್ಲಿ ಮಗ್ಗ ಓಡಿಸುವ ಗರಗರ ತಿರುಗುವ ಪಟ್ಟಾ, ಬಾಗಿಲಾಚೆ ರಸ್ತೆ, ರಸ್ತೆಯ ತುಂಬ ಕಬ್ಬಿನ ಗಾಡಿಗಳು. ಶೈಲಾ ನೂಲು ಹೊಸೆದು ಒಂದು ತುದಿಯನ್ನು ಮಗಳ ನಡುವಿಗೆ, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿದಳು. ಕಣ್ಣು ಸೀರೆಯ ಅಂಚಿನ ಮೇಲೆ, ಎಡಗೈ ದಾರದ ಮೇಲೆ. ಜಗ್ಗಿದಾಗ ಆ ಕಡೆಯಿಂದ ಭಾರ ತಾಕಿದರೆ ಜೀವಕ್ಕೆ ಸಮಾಧಾನ.

ಆ ಸಂಜೆ ಮಗ್ಗದ ಹಾಸಿನ ಉದ್ದೆಳೆಗಳು ಮೇಲಿಂದ ಮೇಲೆ ಹರಿಯುತ್ತಿದ್ದವು. ನೇಯುವವರ ಕೈಗೊಂದು ಚಟವಿದೆ ನೋಡಿ: ಹರಿದ ಎಳೆ ಬೆರಳಿಗೆ ಸಿಕ್ಕಿತೋ, ಕಣ್ಣು ನೋಡುವ ಮೊದಲೇ ಗಂಟು ಬಿದ್ದಿರುತ್ತದೆ. ಮಗಳ ದಾರವೂ ಅದೇ ಹೊತ್ತಿಗೆ ಹರಿದು, ಸೊಂಟದ ಕಡೆಯ ತುದಿ ಅವಳ ಬೆರಳಿಗೆ ಬಂತು. ಮಗ್ಗದ ಕಾಲಿಗೆ ಕಟ್ಟಿದ್ದ ಯಾವುದೋ ಹುರಿಯ ತುದಿಗೆ ಆ ಕೈ ಅದನ್ನು ಗಂಟು ಹಾಕಿತು. ಆಮೇಲೆ ಜಗ್ಗಿದಾಗಲೆಲ್ಲ ಭಾರ ತಾಕಿತು. ಮಗ್ಗದ ಭಾರ! ಅದನ್ನೇ ಮಗಳೆಂದು ನಂಬಿ ಅವಳು ನಿಶ್ಚಿಂತಳಾಗಿ ಸೀರೆಯ ಸೆರಗು ಮುಗಿಸಿದಳು.

ತಿರುಗಿ ನೋಡಿದರೆ ಕೂಸಿಲ್ಲ. ಮೊದಲು ನೋಡಿದ್ದು ಪಟ್ಟಾದ ಕೆಳಗೆ, ಅಯ್ಯೋ, ಯಾವ ತಾಯಿಗೂ ಆ ನೋಟ ಬೇಡ. ಅಲ್ಲಿಲ್ಲವೆಂದು ತಿಳಿದು ರಸ್ತೆಗೆ ಓಡಿದಳು. “ನನ್ನ ಕೂಸ ನೋಡೀರೇನ್ರೀ?” ಎಂದು ಕಂಡಕಂಡವರನ್ನು ಕೇಳಿದಳು. ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು.

ಮಾಯವ್ವ ರಸ್ತೆ ದಾಟಿ ಅಂಗನವಾಡಿಗೆ ಹೋಗಿದ್ದಳು. ಕೀಲಿ ಬಿದ್ದ ಬಾಗಿಲನ್ನು ಅಂಗೈಯಿಂದ ಬಡಿಯುತ್ತ, “ಆಯೀ, ಬಾಗ್ಲಾ ತಗೀ,” ಎಂದು ಗುರುಬಾಯಿಯನ್ನು ಕರೆಯುತ್ತಿದ್ದಳು. ಹರಿದ ದಾರ ಹಿಂದೆ ಮಣ್ಣಿನಲ್ಲಿ ಎಳೆದಾಡುತ್ತಿತ್ತು. ಶೈಲಾ ಮಗಳನ್ನು ಬಾಚಿ ತಬ್ಬಿಕೊಂಡಳು. ಅವಳ ಬೆರಳು ಮಾತ್ರ ಆ ತುದಿಯನ್ನು ಹಿಡಿದು ಆಗಲೇ ಗಂಟು ಹಾಕಲು ಇನ್ನೊಂದು ತುದಿ ಹುಡುಕುತ್ತಿತ್ತಂತೆ.

ಈಗ ಅವಳ ಮಗ್ಗ ಬೇರೆಯವರ ಕೈಯಲ್ಲಿದೆ. ಅಂಗನವಾಡಿ ತೆರೆದಿರುವಷ್ಟು ಹೊತ್ತು ಲಾಳಿಯ ಕಂಡಿಕೆಗೆ ನೂಲು ಸುತ್ತಿ ಎದ್ದುಬಿಡುತ್ತಾಳೆ. ಇಂಥ ತಾಯಂದಿರು ಓಣಿಗೆ ಹತ್ತಾರು. ಕೈಯಲ್ಲಿ ದಿನವಿಡೀ ನೇಯುವ ಕಸುಬಿದ್ದರೂ ಅವರ ದಿನ ಇನ್ಯಾರೋ ಹಾಕುವ ಕೀಲಿಗೆ ಮುಗಿದುಹೋಗುತ್ತದೆ. ಆ ಬಾಗಿಲು ನಾಳೆ ಮತ್ತೆ ಸಂಜೆಯ ತನಕ ತೆರೆದೀತು, ಕೂಸುಗಳೂ ಬೆಳೆದಾವು. ಒಮ್ಮೆ ಮಗ್ಗವನ್ನು ಮಗಳೆಂದು ನಂಬಿದ ಕೈ ಮಾತ್ರ ಇನ್ನಾವ ಭಾರವನ್ನೂ ನಂಬುವುದಿಲ್ಲ.