ಪಾವಡೆಪ್ಪನವರ ಬಲಗಿವಿ

ನಾನು ಒಂದು ಶ್ರವಣಯಂತ್ರ. ಊರ ಬಾಯಲ್ಲಿ ಕಿವಿ ಮಷೀನು. ಗಾತ್ರದಲ್ಲಿ ಒಂದು ಗೋಡಂಬಿಯಷ್ಟಿದ್ದರೂ ಜಂಬಕ್ಕೇನೂ ಕಡಿಮೆಯಿಲ್ಲ. ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಧೂಳು ಸುಳಿಯದ ಕೋಣೆಯೊಳಗೆ, ಮುಖ ಮುಚ್ಚಿಕೊಂಡ ಹೆಂಗಸರು ಸಣ್ಣ ಚಿಮಟ ಹಿಡಿದು ನನ್ನ ಅಂಗಾಂಗ ಜೋಡಿಸಿದರು. ನನ್ನ ಜೊತೆಗೇ ಹುಟ್ಟಿದ ತಮ್ಮ ಎಡಗಿವಿಗೆ, ನಾನು ಬಲಗಿವಿಗೆ. ನಡುವೆ ಮನುಷ್ಯನ ತಲೆ ಅಡ್ಡವಿದ್ದರೂ ನಾವಿಬ್ಬರೂ ತಂತಿಯಿಲ್ಲದೆ ಮಾತಾಡಿಕೊಳ್ಳುತ್ತೇವೆ. ಒಬ್ಬನ ದನಿ ಏರಿಸಿದರೆ ಇನ್ನೊಬ್ಬನದೂ ಏರುತ್ತದೆ. ಅಣ್ಣತಮ್ಮಂದಿರಲ್ಲಿ ಇಂಥ ಹೊಂದಾಣಿಕೆಯನ್ನು ನಾನು ಬನಹಟ್ಟಿಯ ಓಣಿಯಲ್ಲಿ ಬೇರೆಲ್ಲೂ ಕಾಣಲಿಲ್ಲ.

ಬನಹಟ್ಟಿಗೆ ನಾವು ಬಂದದ್ದು ಪಾವಡೆಪ್ಪನವರ ದೆಸೆಯಿಂದ. ನಾಲ್ಕು ವಿದ್ಯುತ್ ಮಗ್ಗಗಳ ಮಾಲೀಕರು ಅವರೇ, ನೇಕಾರರೂ ಅವರೇ. ನಲವತ್ತು ವರ್ಷ ಲಾಳಿಯ ಬಡಿತದ ನಡುವೆ ನಿಂತು ಅವರ ಕಿವಿ ಕೈಕೊಟ್ಟಿತ್ತು. ಮಗ್ಗದ ಮನೆಯಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ಕಿವಿ ನೆಟ್ಟಗಿದ್ದವರಿಗೂ ಮಾತು ಕೇಳದು. ಎಲ್ಲರೂ ತುಟಿ ನೋಡಿ, ಕೈಸನ್ನೆ ಮಾಡಿ ಕೆಲಸ ಸಾಗಿಸುತ್ತಾರೆ. ಹೇಳಿದ್ದು ತಿಳಿಯಿತು ಎನ್ನಲು ಒಮ್ಮೆ ಗೋಣು ಹಾಕಿದರೆ ಮುಗಿಯಿತು. ಒಲ್ಲೆ ಎನ್ನಬೇಕಾದರೆ ಮಾತ್ರ ಮಗ್ಗ ನಿಲ್ಲಿಸಬೇಕು, ಬಾಯಿಬಿಟ್ಟು ಹೇಳಬೇಕು. ಓಡುವ ಮಗ್ಗವನ್ನು ಮಾತಿಗಾಗಿ ನಿಲ್ಲಿಸುವ ಪದ್ಧತಿ ಅಲ್ಲಿಲ್ಲ.

ಜಮಖಂಡಿಯಲ್ಲಿ ಕಿವಿ ಪರೀಕ್ಷೆ ಮಾಡುವ ಮೇಡಂ ನಮ್ಮನ್ನು ಅವರ ಕಿವಿಗಿಟ್ಟು, ನಮ್ಮ ವಿದ್ಯೆಗಳನ್ನೆಲ್ಲ ಬಿಡಿಸಿ ಹೇಳಿದರು. ಮೊಬೈಲಿನ ಬ್ಲೂಟೂತ್ ಹಚ್ಚಿದರೆ ಫೋನಿನ ಮಾತು ನೇರ ಎರಡೂ ಕಿವಿಗೆ ಬರುತ್ತದೆ. ಟೀವಿಯ ಪಕ್ಕ ಒಂದು ಪುಟ್ಟ ಡಬ್ಬಿ ಇಟ್ಟರೆ ಮನೆಯವರ ತಲೆ ಚಿಟ್ಟು ಹಿಡಿಸದೆ ವಾರ್ತೆ ಕೇಳಬಹುದು. ಇನ್ನು ಹೆಬ್ಬೆರಳಷ್ಟು ಉದ್ದದ ಒಂದು ಮೈಕು. ಯಾರ ಮಾತು ಬೇಕೋ ಅವರ ಬಟ್ಟೆಗೆ ಸಿಕ್ಕಿಸಿದರೆ, ಅವರು ಇಪ್ಪತ್ತು ಹೆಜ್ಜೆ ದೂರ ಹೋದರೂ ಪಕ್ಕದಲ್ಲೇ ಕೂತು ಮಾತಾಡಿದಂತಿರುತ್ತದೆ. ಬೇಡವಾದಾಗ ನನ್ನ ಬೆನ್ನಿನ ಗುಂಡಿ ಒತ್ತಿದರಾಯಿತು. ಪಾವಡೆಪ್ಪನವರಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಆ ಗುಂಡಿ. ಹೆಂಡತಿ ಗೌರವ್ವ ಸಂತೆಯ ಸಾಮಾನಿನ ಪಟ್ಟಿ ಓದಲು ಶುರುಮಾಡಿದರೆ ಅವರ ಬೆರಳು ತಾನಾಗಿ ನನ್ನ ಮೇಲೆ ಬರುತ್ತಿತ್ತು.

ಮೊದಮೊದಲು ತಮಾಷೆಯೇ ತಮಾಷೆ. ಫೋನನ್ನು ಜೇಬಿನಲ್ಲಿಟ್ಟುಕೊಂಡೇ ನೂಲಿನ ವ್ಯಾಪಾರಿಯ ಜೊತೆ ಜಗಳವಾಡುತ್ತ ಅವರು ಓಣಿಯಲ್ಲಿ ನಡೆದು ಹೋದರೆ, ನಿಮ್ಮ ಯಜಮಾನರಿಗೆ ಏನೋ ಬಡಿದುಕೊಂಡಿದೆ ಎಂದು ನೆರೆಯವರು ಗೌರವ್ವನಿಗೆ ಹೇಳಿಹೋದರು. ಮಗಳು ದಾನೇಶ್ವರಿ ದಿನಾ ಬೆಳಿಗ್ಗೆ ಮೈಕು ಸಿಕ್ಕಿಸಿಕೊಂಡು ಪೇಪರು ಓದುತ್ತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಹತ್ತು ವರ್ಷದಿಂದ ಅಪ್ಪನ ಪಕ್ಕದ ಮಗ್ಗ ಅವಳದೇ. ಅವಳ ದನಿ ಇಷ್ಟು ತೆಳುವಾಗಿದೆಯೆಂದು ಪಾವಡೆಪ್ಪನವರಿಗೆ ಆಗಲೇ ಗೊತ್ತಾದದ್ದು.

ಅದೇ ತಿಂಗಳು ಮಹಾಲಿಂಗಪುರದಿಂದ ಅವಳಿಗೊಂದು ಸಂಬಂಧ ಬಂತು. ಇಪ್ಪತ್ತು ಮಗ್ಗದ ದೊಡ್ಡ ಮನೆ. ನೇಯುವ ಸೊಸೆ ಬೇಕೆಂದು ಕೇಳಿ ಬಂದವರು. ಪಾವಡೆಪ್ಪನವರು ಮಗ್ಗದ ಮುಂದೆ ನಿಂತೇ ಮಗಳಿಗೆ ತುಟಿಯಾಡಿಸಿ ವಿಷಯ ತಿಳಿಸಿದರು. ಅವಳು ಗೋಣು ಹಾಕಿದಳು. ಮಗಳು ಒಪ್ಪಿದಳೆಂದು ಅವರು ಬೀಗರಿಗೆ ಫೋನು ಮಾಡಿಬಿಟ್ಟರು. ಆ ಮಾತನ್ನು ಹೊತ್ತವರು ನಾವೇ. ಆ ಪಾಪದಲ್ಲಿ ನಮಗೂ ಪಾಲಿದೆ.

ಬಾಯಿಗೆ ಸಕ್ಕರೆ ಹಾಕಿ ಮಾತು ಗಟ್ಟಿಮಾಡುವ ದಿನ ಹೊರಕೋಣೆಯ ತುಂಬ ಜನ. ಬೀಗರು ಮಗಳನ್ನು ಏನಾದರೂ ಕೇಳಿದಾಗ ತಾನು ಪೆಚ್ಚುಪೆಚ್ಚಾಗಿ ಕೂರಬಾರದೆಂದು ಪಾವಡೆಪ್ಪನವರು ಮೈಕನ್ನು ಅವಳ ಸೆರಗಿನ ಪಿನ್ನಿಗೆ ಸಿಕ್ಕಿಸಿದ್ದರು. ಅವಳು ಬಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಚಹಾ ತರಲು ಒಳಗೆ ಹೋದಳು. ಮೈಕು ಅವಳ ಜೊತೆಗೇ ಹೋಯಿತು. ಗೋಡೆಗೂ ಕಿವಿ ಉಂಟು ಎನ್ನುತ್ತಾರೆ. ಆ ದಿನ ಗೋಡೆಯಾಚೆಯ ಕಿವಿ ನಾನಾದೆ.

ಸಕ್ಕರೆಯ ಬಟ್ಟಲು ಕೈಯಿಂದ ಕೈಗೆ ಬರುತ್ತಿತ್ತು. ಅಡಿಗೆಮನೆಯಲ್ಲಿ ದಾನೇಶ್ವರಿ ತಾಯಿಗೆ ಹೇಳುತ್ತಿದ್ದಳು:

“ನಾ ಹೂಂ ಅಂದಿಲ್ಲವ್ವ. ತಿಳೀತು ಅಂತ ಗೋಣು ಹಾಕಿದ್ನಿ, ಅಷ್ಟ.”

ಇಷ್ಟು ಮಂದಿ ಬಂದು ಕುಳಿತ ಮೇಲೆ ಹೇಳಿದರೆ ಏನು ಮಾಡುವುದೆಂದು ಗೌರವ್ವ ಗಾಬರಿಯಾದಳು.

“ಹೋಗ್ಲಿ ಬಿಡು. ಅಪ್ಪಗ ಕೇಳಸಂಗಿಲ್ಲ ಅಂತ ಎಷ್ಟು ಮಾತು ನುಂಗೀವಿ. ಇದೂ ಒಂದು.”

ಹೊರಗೆ ಕೂತವರಲ್ಲಿ ಒಬ್ಬರಿಗೂ ಇದು ಕೇಳಲಿಲ್ಲ. ಪಾವಡೆಪ್ಪನವರ ಬೆರಳು ಎದ್ದು ನನ್ನ ಗುಂಡಿಯ ಮೇಲೆ ಕೂತಿತು. ಒಮ್ಮೆ ಒತ್ತಿದ್ದರೆ ಸಾಕಿತ್ತು. ಕಿವುಡನನ್ನು ಯಾರು ತಪ್ಪೆನ್ನುತ್ತಾರೆ? ಅಷ್ಟು ಹೊತ್ತು ಆ ಬೆರಳು ಒತ್ತದೆ ನಿಂತದ್ದನ್ನು ನಾನು ಮತ್ತೆಂದೂ ಕಾಣಲಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು. ಕೊನೆಗೆ ಅವರು ಕೈ ಇಳಿಸಿ, ಬಟ್ಟಲಿಗೆ ಅಡ್ಡ ಹಿಡಿದರು.

“ಬೀಗರ, ತಪ್ಪು ನಂದ ಐತ್ರಿ. ಮಗಳು ಒಪ್ಪ್ಯಾಳ ಅಂತ ಹೇಳಿದ್ನಿ. ಆಕಿ ಒಪ್ಪಿಲ್ಲ. ನಾ ಸರಿ ಕೇಳಿರಲಿಲ್ಲ.”

ಹುಡುಗನ ಚಿಕ್ಕಪ್ಪ ಕೆಂಡವಾದರು. ಹೊಸ ಕಿವಿ ಹಾಕಿಸಿಕೊಂಡ ಮೇಲೂ ಹೀಗೆನ್ನುವುದು ಯಾವ ನ್ಯಾಯ ಎಂದರು.

“ಹಾಕಿಸಿಕೊಂಡೀನಲ್ರಿ, ಅದಕ್ಕ ಅನ್ನಾಕತ್ತೀನಿ,” ಎಂದರು ಪಾವಡೆಪ್ಪನವರು.

ಬಂದವರು ಚಹಾ ಮುಟ್ಟದೆ ಎದ್ದು ಹೋದರು. ಓಣಿಯ ಬಾಯಿಗೆ ಒಂದು ವಾರದ ಮೇವು ಸಿಕ್ಕಿತು. ಪಾವಡೆಪ್ಪನವರು ಅಡಿಗೆಮನೆಗೆ ಹೋಗಿ, ಮಗಳ ಸೆರಗಿನಿಂದ ಮೈಕು ತೆಗೆದು ಗೋಡೆಯ ಗೂಡಿನಲ್ಲಿಟ್ಟರು. ಅವಳು ಬೆಚ್ಚಿಬಿದ್ದು ಬಾಯಿಗೆ ಕೈ ಇಟ್ಟುಕೊಂಡಳು. ಹುಡುಗನಲ್ಲಿ ಏನಾದರೂ ಕೊರತೆಯೇ ಎಂದು ಅವರು ಮೆಲ್ಲಗೆ ಕೇಳಿದರು. ಅವಳು ಬಾಯಿಂದ ಕೈ ತೆಗೆದಳು.

“ಹುಡುಗ ಚಲೋ ಅದಾನಪ್ಪಾ. ಇಪ್ಪತ್ತು ಮಗ್ಗ ಬ್ಯಾಡ. ನನಗ ಎಡಗಿವಿ ಆಗಲೇ ಕೇಳವಲ್ದು.”

ನನಗೆ ನಾಚಿಕೆಯಾಯಿತು. ಎಷ್ಟೊಂದು ಬೆಳಗು ಅವಳ ದನಿಯನ್ನು ಎಳೆ ತಪ್ಪದಂತೆ ಹೊತ್ತು ತಂದಿದ್ದೆ. ಅವಳಿಗೆ ಏನೇನು ಕೇಳುತ್ತಿಲ್ಲವೆಂದು ತಿಳಿಯುವ ವಿದ್ಯೆ ನನ್ನಲ್ಲಿರಲಿಲ್ಲ. ಪಾವಡೆಪ್ಪನವರು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತರು. ನಲವತ್ತು ವರ್ಷದಲ್ಲಿ ತಮ್ಮ ಕಿವಿಗಾಗಿ ಅವರು ಒಮ್ಮೆಯೂ ಅತ್ತವರಲ್ಲವಂತೆ.

ಮರುದಿನವೇ ಅಪ್ಪ ಮಗಳು ಜಮಖಂಡಿಯ ಬಸ್ಸು ಹತ್ತಿದರು. ಹೋದದ್ದು ಮರಳಿ ಬರದು, ಉಳಿದದ್ದನ್ನು ಉಳಿಸಿಕೊಳ್ಳಿ ಎಂದರು ಮೇಡಂ. ದಾನೇಶ್ವರಿ ಮಗ್ಗ ಬಿಟ್ಟಳು. ಈಗ ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸೀರೆಯ ಸೆರಗಿಗೆ ವಿನ್ಯಾಸ ಬರೆಯುತ್ತಾಳೆ. ಮದುವೆಯ ಮಾತು ಬಂದಾಗ ಅವಳೇ ಆಡುತ್ತಾಳೆ.

ನನಗೆ ವಯಸ್ಸಾಯಿತು. ಬೆಳಿಗ್ಗೆ ತುಂಬಿಕೊಂಡ ಚಾರ್ಜು ಮಧ್ಯಾಹ್ನಕ್ಕೇ ಖಾಲಿ. ಯಜಮಾನರ ಕಿವಿಗೆ ಹೊಸ ಜೋಡಿ ಬಂದಿದೆ. ನಾನೂ ತಮ್ಮನೂ ದಾನೇಶ್ವರಿಯ ಮೇಜಿನ ಮೇಲೆ, ತೇವ ಹೀರುವ ಮಣಿಗಳ ಡಬ್ಬಿಯಲ್ಲಿ ಮಲಗಿದ್ದೇವೆ. ಹೊಸಬರು ನಮಗಿಂತ ಜಾಣರು, ಇನ್ನೂ ದೂರದ ದನಿ ಹಿಡಿಯುತ್ತಾರಂತೆ. ಇರಲಿ. ಈಗಲೂ ಮಗಳಿಗೆ ಏನಾದರೂ ಹೇಳುವುದಿದ್ದರೆ ಪಾವಡೆಪ್ಪನವರು ಈ ಕೋಣೆಗೇ ಬರುತ್ತಾರೆ. ಅವಳ ಬಲಗಡೆಗೆ ಕುರ್ಚಿ ಎಳೆದುಕೊಂಡು, ಹೇಳುವುದನ್ನು ಹೇಳಿ, “ಕೇಳಿತೇನವ್ವಾ?” ಎನ್ನುತ್ತಾರೆ. ಆಮೇಲೆ ಅವಳ ಉತ್ತರ ಬರುವವರೆಗೂ ಕಾಯುತ್ತಾರೆ.